ಪೀಜೋ ಪಿಕಪ್‌ನ ಕೀರಲು ಧ್ವನಿ: 9ನೇ ತರಗತಿಯ ‘ಶಬ್ದ’ ಘಟಕದಲ್ಲಿ ಎರಡು ಅವಧಿಗಳು

ದೀಪಾಂಜಲಿ ನಗರದ ಒಂದು ಪ್ರೌಢಶಾಲೆಯಲ್ಲಿ ಅಭ್ಯಾಸ ಬೋಧನೆಯ ಅಂಗವಾಗಿ 9ನೇ ತರಗತಿಗೆ ‘ಶಬ್ದ’ ಘಟಕವನ್ನು ಬೋಧಿಸಿದೆ. ಆವೃತ್ತಿ, ಪಾರ, ಸ್ಥಾಯಿ ಇವೆಲ್ಲ ಮುಗಿದ ಮೇಲೆ ಉಳಿದಿದ್ದ ಎರಡು ಅವಧಿಗಳನ್ನು ಪುನರಾವರ್ತನೆಗೆ ಬಳಸದೆ, ತರಗತಿಯ ಒಬ್ಬ ವಿದ್ಯಾರ್ಥಿಯ ಸಮಸ್ಯೆಗೆ ಕೊಟ್ಟೆ. ಆ ಪಾಠದ ವಿವರ ಇಲ್ಲಿದೆ.

ಸಮಸ್ಯೆ ಇದು. ಆ ಹುಡುಗನ ತಂದೆ ಟಿಂಬರ್ ಯಾರ್ಡ್ ಬಡಾವಣೆಯಲ್ಲಿ ಮರಗೆಲಸ ಮಾಡುತ್ತಾರೆ. ಅಲ್ಲಿ ಉಳಿದ ಪ್ಲೈವುಡ್ ತುಂಡುಗಳಿಂದ ತಂದೆ ಮಗ ಸೇರಿ ಮೂರು ತಂತಿಯ ಪೆಟ್ಟಿಗೆ ಗಿಟಾರ್ ಮಾಡಿದ್ದರು. ಸಾಮಾನ್ಯ ಗಿಟಾರಿನ ಐದನೇ, ನಾಲ್ಕನೇ, ಮೂರನೇ ತಂತಿಗಳನ್ನೇ ಹಾಕಿ 110, 147, 196 ಹರ್ಟ್ಜ್‌ಗೆ ಶ್ರುತಿ ಮಾಡಿದ್ದರು. ಕೈಯಲ್ಲಿ ಹಿಡಿದು ನುಡಿಸಿದರೆ ತುಂಬಿದ ನಾದ. ಒಳಗೆ ಪೀಜೋ ಡಿಸ್ಕ್ ಅಂಟಿಸಿ ಶಾಲೆಯ ಆಂಪ್ಲಿಫೈಯರ್‌ಗೆ ಸಿಕ್ಕಿಸಿದರೆ ಮಾತ್ರ, ಪಕ್ಕದ ಬೆಂಚಿನ ಹುಡುಗಿ ಹೇಳಿದಂತೆ, “ಮಿಸ್, ತಗಡಿನ ಡಬ್ಬ ಬಡಿದಂಗೆ ಕೇಳ್ಸತ್ತೆ.” ವಾರ್ಷಿಕೋತ್ಸವದ ಪಟ್ಟಿಯಿಂದ ಅವನ ಹಾಡನ್ನು ಬಿಡುವ ಮಾತು ಆಗಲೇ ಬಂದಿತ್ತು. ಪೆಟ್ಟಿಗೆಯೇ ಸರಿಯಿಲ್ಲ, ಅಪ್ಪ ತೆಳು ಪ್ಲೈ ಹಾಕಿದ್ದೇ ತಪ್ಪು ಎಂದು ಹುಡುಗ ತೀರ್ಮಾನಿಸಿಬಿಟ್ಟಿದ್ದ. ಪೆಟ್ಟಿಗೆ ಸರಿಯಾಗಿಯೇ ಇತ್ತು. ಅದನ್ನು ಮಾತಿನಲ್ಲಿ ಸಮಾಧಾನ ಹೇಳಿ ಮುಗಿಸುವುದಕ್ಕಿಂತ ತರಗತಿಯೇ ಕಂಡುಹಿಡಿಯುವುದು ಮೇಲು ಅನ್ನಿಸಿತು.

ಮೊದಲ ಅವಧಿ: ತೂತಿನ ಬಾಟಲಿ

ಪೂರ್ವಜ್ಞಾನಕ್ಕೆ ಅಡುಗೆಮನೆಯ ಗ್ಯಾಸ್ ಲೈಟರ್ ತಂದಿದ್ದೆ. ಒತ್ತಿದರೆ ಕಿಡಿ ಬರುತ್ತದೆ, ಒಳಗೆ ಬ್ಯಾಟರಿ ಇಲ್ಲ. ಕೆಲವು ಹರಳುಗಳನ್ನು ಒತ್ತಿದಾಗ ಅವುಗಳ ಮೇಲ್ಮೈಯಲ್ಲಿ ವಿದ್ಯುದಾವೇಶ ಕಾಣಿಸಿಕೊಳ್ಳುವುದನ್ನು 1880ರಲ್ಲಿ ಪಿಯರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ ಕ್ಯೂರಿ ಕಂಡುಹಿಡಿದರು ಎಂದೆ. (ಮೇರಿ ಕ್ಯೂರಿಯವರ ಹೆಸರು ಎಲ್ಲರಿಗೂ ಗೊತ್ತು, ಪತಿಯ ಈ ಕೆಲಸ ಗೊತ್ತಿದ್ದವರು ಯಾರೂ ಇರಲಿಲ್ಲ.) ಹಿತ್ತಾಳೆ ತಟ್ಟೆಯ ಮೇಲೆ ಬಿಳಿ ಪಿಂಗಾಣಿಯಂಥ ಪದರವಿರುವ ನಮ್ಮ ಡಿಸ್ಕ್ ಕೂಡ ಅದೇ ಜಾತಿ. ತಂತಿ ಕಂಪಿಸಿದಾಗ ಹಲಗೆ ಕಂಪಿಸುತ್ತದೆ, ಡಿಸ್ಕ್ ಬಾಗುತ್ತದೆ, ಆವೇಶ ಹುಟ್ಟುತ್ತದೆ. ಕಛೇರಿಗಳಲ್ಲಿ ವೀಣೆಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕ್‌ಗಳಲ್ಲೂ ಸಾಮಾನ್ಯವಾಗಿ ಇದೇ ತತ್ವ.

ಇಲ್ಲಿ ಮಾರ್ಗದರ್ಶಕ ಶಿಕ್ಷಕರು ಒಂದು ಪ್ರಶ್ನೆ ಎತ್ತಿದ್ದರು: ಕೆಪಾಸಿಟರ್ 9ನೇ ತರಗತಿಯ ಪಠ್ಯದಲ್ಲಿ ಇಲ್ಲ, ರೋಧವೂ ಮುಂದಿನ ವರ್ಷದ್ದು, ಹೇಗೆ ಕಲಿಸುತ್ತೀರಿ? ನನ್ನ ಉತ್ತರ, ಆ ಎರಡು ಪದಗಳನ್ನು ಮೊದಲ ಅವಧಿಯಲ್ಲಿ ಬಳಸುವ ಅಗತ್ಯವೇ ಇಲ್ಲ. ಬದಲಿಗೆ ಎರಡು ನೀರಿನ ಬಾಟಲಿಗಳನ್ನು ಮೇಲ್ಭಾಗ ಕತ್ತರಿಸಿ ತಂದೆ. ಒಂದರ ತಳಕ್ಕೆ ಪೆನ್ಸಿಲ್ ಗಾತ್ರದ ತೂತು, ಇನ್ನೊಂದಕ್ಕೆ ಗುಂಡುಸೂಜಿಯ ತೂತು. ಒಂದೇ ಲೋಟ ನೀರನ್ನು ಒಮ್ಮೆ ದಬಕ್ಕನೆ, ಇನ್ನೊಮ್ಮೆ ನಿಧಾನವಾಗಿ ಎರಡಕ್ಕೂ ಸುರಿದು, ಮಟ್ಟ ಎಲ್ಲಿಯವರೆಗೆ ಏರಿತು ಎಂದು ಮಾರ್ಕರ್‌ನಿಂದ ಗುರುತಿಸಬೇಕು.

ಫಲಿತಾಂಶವನ್ನು ಗುಂಪುಗಳು ತಾವೇ ಕಪ್ಪುಹಲಗೆಯ ಮೇಲೆ ಬರೆದವು. ಸೂಜಿ ತೂತಿನ ಬಾಟಲಿಯಲ್ಲಿ ಹೇಗೆ ಸುರಿದರೂ ಮಟ್ಟ ಹೆಚ್ಚುಕಡಿಮೆ ಅಷ್ಟೇ ಏರಿತು. ದೊಡ್ಡ ತೂತಿನದರಲ್ಲಿ ದಬಕ್ಕನೆ ಸುರಿದಾಗ ಏರಿತು, ನಿಧಾನವಾಗಿ ಸುರಿದಾಗ ತಳ ಬಿಟ್ಟು ಮೇಲೇಳಲೇ ಇಲ್ಲ. ಆಮೇಲೆ ಕೇಳಿದೆ: ನೀರು ಎಂದರೆ ಆವೇಶ, ಮಟ್ಟ ಎಂದರೆ ಸ್ಪೀಕರ್‌ಗೆ ಹೋಗುವ ಸಂಕೇತ, ತೂತು ಎಂದರೆ ಆಂಪ್ಲಿಫೈಯರ್‌ನ ಇನ್‌ಪುಟ್ ಎಂದುಕೊಂಡರೆ ನಿಧಾನವಾಗಿ ಸುರಿಯುವುದು ಯಾವ ಸ್ವರ? ಎರಡು ನಿಮಿಷ ಗದ್ದಲ. ಕೊನೆಗೆ ಗಿಟಾರಿನ ಹುಡುಗನೇ ಎದ್ದು, “ದಪ್ಪ ತಂತಿದು ಮಿಸ್. ಅದು ಸೋರೋಗತ್ತೆ, ಸಣ್ಣ ಸ್ವರ ಮಾತ್ರ ಉಳ್ಯತ್ತೆ” ಎಂದ. ತಗಡಿನ ಧ್ವನಿಗೆ ಇದಕ್ಕಿಂತ ಸರಿಯಾದ ವಿವರಣೆ ನನ್ನ ಪಾಠಯೋಜನೆಯಲ್ಲೂ ಇರಲಿಲ್ಲ.

ಎರಡನೇ ಅವಧಿ: ಲೆಕ್ಕ ಮತ್ತು ಕಿವಿ

ಈಗ ಹೆಸರುಗಳನ್ನು ಕೊಟ್ಟೆ. ಆವೇಶ ಹಿಡಿದಿಡುವ ಸಾಮರ್ಥ್ಯ ಧಾರಕತೆ. ನಮ್ಮ 27 ಮಿಲಿಮೀಟರ್ ಡಿಸ್ಕ್ ಮಲ್ಟಿಮೀಟರ್‌ನಲ್ಲಿ ಸುಮಾರು 20 ನ್ಯಾನೋಫ್ಯಾರಡ್ ತೋರಿಸಿತು. ಶಾಲೆಯ ಆಂಪ್ಲಿಫೈಯರ್‌ನ ಆಕ್ಸ್ ಇನ್‌ಪುಟ್‌ನ ರೋಧ 10 ಕಿಲೋಓಮ್ ಎಂದು ಅದರ ಹಿಂಭಾಗದಲ್ಲಿ ಬರೆದಿತ್ತು. ಇವೆರಡನ್ನೂ ಗುಣಿಸಿದರೆ 0.2 ಮಿಲಿಸೆಕೆಂಡ್, ಆವೇಶ ಬಹುಪಾಲು ಸೋರಿಹೋಗಲು ಬೇಕಾದ ಕಾಲದ ಅಂದಾಜು ಇದು. 110 ಹರ್ಟ್ಜ್ ಸ್ವರದ ಅರ್ಧ ಅಲೆಗೆ 4.5 ಮಿಲಿಸೆಕೆಂಡ್ ಬೇಕು. ಅಲೆ ಏರಿ ಮುಗಿಯುವ ಮೊದಲೇ ಬಾಟಲಿ ಖಾಲಿ.

ಶಿಕ್ಷಕರ ತಿಳಿವಳಿಕೆಗಾಗಿ: 1ನ್ನು 2 ಪೈ, ರೋಧ, ಧಾರಕತೆಗಳ ಗುಣಲಬ್ಧದಿಂದ ಭಾಗಿಸಿದರೆ ಯಾವ ಆವೃತ್ತಿಯ ಕೆಳಗೆ ಸಂಕೇತ ಕುಗ್ಗತೊಡಗುತ್ತದೆ ಎಂಬುದು ಸಿಗುತ್ತದೆ. ಇಲ್ಲಿ ಅದು ಸುಮಾರು 800 ಹರ್ಟ್ಜ್. ಮೂರೂ ತಂತಿಗಳ ಮೂಲ ಆವೃತ್ತಿ ಅದಕ್ಕಿಂತ ಬಹಳ ಕೆಳಗಿದೆ. 110 ಹರ್ಟ್ಜ್ ಸುಮಾರು ಏಳನೇ ಒಂದು ಭಾಗಕ್ಕೆ ಇಳಿಯುತ್ತದೆ. ಈ ಸೂತ್ರವನ್ನು ಮಕ್ಕಳಿಗೆ ಕೊಡಲಿಲ್ಲ, ಕೊಡಬಾರದು ಎಂದೇ ನನ್ನ ಅಭಿಪ್ರಾಯ. ಮಿಲಿಸೆಕೆಂಡುಗಳ ಹೋಲಿಕೆ ಅವರಿಗೆ ಸಾಕು.

ಪರಿಹಾರವೇನು? ಮಕ್ಕಳಿಂದ ಎರಡು ಸಲಹೆ ಬಂದವು: ಬಾಟಲಿ ದೊಡ್ಡದು ಮಾಡಬೇಕು, ಇಲ್ಲವೇ ತೂತು ಚಿಕ್ಕದು ಮಾಡಬೇಕು. ಎರಡನ್ನೂ ಮಾಡಿ ನೋಡಿದೆವು.

ಬಾಟಲಿ ದೊಡ್ಡದು ಮಾಡುವುದೆಂದರೆ ಡಿಸ್ಕ್‌ಗೆ ಸಮಾಂತರವಾಗಿ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಸೇರಿಸುವುದು. ಒಟ್ಟು 120 ಆಯಿತು, 800 ಇದ್ದದ್ದು 133 ಹರ್ಟ್ಜ್‌ಗೆ ಇಳಿಯಿತು. ಧ್ವನಿ ಮೃದುವಾಯಿತು, ಜೊತೆಗೆ ಬಹಳ ಸಣ್ಣದಾಯಿತು. ಅಷ್ಟೇ ನೀರು ಆರು ಪಟ್ಟು ಅಗಲದ ಪಾತ್ರೆಗೆ ಬಿದ್ದರೆ ಮಟ್ಟ ಆರನೇ ಒಂದು ಭಾಗ. ಒಬ್ಬ ಹುಡುಗಿ ಗಮನಿಸಿದ್ದು ನಿಜಕ್ಕೂ ಸೂಕ್ಷ್ಮ: “ದಪ್ಪ ಸ್ವರ ಜಾಸ್ತಿ ಆಗಿಲ್ಲ ಮಿಸ್, ಕೀರಲು ಕಮ್ಮಿ ಆಗಿದೆ ಅಷ್ಟೆ.” ಲೆಕ್ಕವೂ ಅದನ್ನೇ ಹೇಳುತ್ತದೆ. ವಾಲ್ಯೂಮ್ ಏರಿಸಿದರೆ ನಾದದ ಜೊತೆಗೆ ಗುಂಯ್‌ಗುಡುವ ಸದ್ದೂ ಏರಿತು.

ತೂತು ಚಿಕ್ಕದು ಮಾಡುವುದೆಂದರೆ ನಡುವೆ ಬಫರ್ ಹಾಕುವುದು. ಟಿಎಲ್ 071 ಐಸಿ, 9 ವೋಲ್ಟ್ ಬ್ಯಾಟರಿ ಸಾಕು. ಎರಡನೇ ಕಾಲನ್ನು ಆರನೆಯದಕ್ಕೆ ನೇರ ಜೋಡಿಸಬೇಕು. ಏಳಕ್ಕೆ ಬ್ಯಾಟರಿಯ ಧನ, ನಾಲ್ಕಕ್ಕೆ ಋಣ. ಎರಡು 100 ಕಿಲೋಓಮ್ ರೋಧಕಗಳಿಂದ ಬ್ಯಾಟರಿಯ ಅರ್ಧ ವೋಲ್ಟೇಜ್ ತೆಗೆದು, ಆ ಬಿಂದುವಿನಿಂದ ಋಣಕ್ಕೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೊಟ್ಟು, ಅದೇ ಬಿಂದುವಿನಿಂದ 1 ಮೆಗಾಓಮ್ ಮೂಲಕ ಮೂರನೇ ಕಾಲಿಗೆ ಜೋಡಿಸಬೇಕು. ಡಿಸ್ಕ್‌ನ ಒಂದು ತಂತಿ 0.1 ಮೈಕ್ರೋಫ್ಯಾರಡ್ ಮೂಲಕ ಮೂರನೇ ಕಾಲಿಗೆ, ಇನ್ನೊಂದು ಋಣಕ್ಕೆ. ಆರರಿಂದ 10 ಮೈಕ್ರೋಫ್ಯಾರಡ್ ಮೂಲಕ ಹೊರಗೆ. ಈಗ ಡಿಸ್ಕ್‌ಗೆ ಕಾಣುವುದು 10 ಕಿಲೋಓಮ್ ಅಲ್ಲ, 1 ಮೆಗಾಓಮ್. ಸೋರುವ ಕಾಲ ನೂರು ಪಟ್ಟು ಹೆಚ್ಚಿ ಸುಮಾರು 20 ಮಿಲಿಸೆಕೆಂಡ್ ಆಗುತ್ತದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಬಿಎಫ್‌ಡಬ್ಲ್ಯು 10 ಟ್ರಾನ್ಸಿಸ್ಟರ್ ಇದ್ದರೆ ಅದರಿಂದಲೂ ಬಫರ್ ಮಾಡಬಹುದು. ಬಿಡಿಭಾಗಗಳೆಲ್ಲ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ದೀಪಾಂಜಲಿ ನಗರದಿಂದ ಮೆಟ್ರೋದಲ್ಲಿ ಹೋಗಿ ಮೆಜೆಸ್ಟಿಕ್‌ನಲ್ಲಿ ಬದಲಿಸಿ ಚಿಕ್ಕಪೇಟೆಯಲ್ಲಿ ಇಳಿದರೆ ಹತ್ತಿರ.

ಬೆಸುಗೆಯನ್ನು ನಾನು ಮನೆಯಲ್ಲೇ ಮುಗಿಸಿ ತಂದಿದ್ದೆ. ಬಫರ್ ಇಲ್ಲದೆ ಒಮ್ಮೆ, ಸೇರಿಸಿ ಒಮ್ಮೆ ನುಡಿಸಲು ಹೇಳಿದೆ. ವ್ಯತ್ಯಾಸ ಕೇಳಿದ ಕೂಡಲೇ ಹಿಂದಿನ ಬೆಂಚಿನವರು ಚಪ್ಪಾಳೆ ತಟ್ಟಿದರು. ಶಾಲೆಯ ಪುಟ್ಟ ಸ್ಪೀಕರ್ 110 ಹರ್ಟ್ಜ್ ಅನ್ನು ಹೇಗೂ ಪೂರ್ತಿ ಕೊಡಲಾರದು, ಆದರೂ ತುಂಬಿದ ನಾದವೆಂದು ಯಾರಿಗಾದರೂ ತಿಳಿಯುವಂತಿತ್ತು.

ಉಳಿದ ಸುಧಾರಣೆಗಳು ಅವಧಿ ಮುಗಿದ ಮೇಲೆ ಆದವು. ಡಿಸ್ಕ್ ಸೇತುವೆಯ ನಟ್ಟನಡುವೆ ಇದ್ದಾಗ ಬೆರಳು ತಾಗಿದ ಸದ್ದೂ ಗುದ್ದಿದಂತೆ ಕೇಳುತ್ತಿತ್ತು. ಮೂರು ಸೆಂಟಿಮೀಟರ್ ಪಕ್ಕಕ್ಕೆ ಸರಿಸಿದಾಗ ಹದವಾಯಿತು. ಸ್ಪಂಜಿನ ಅಂಟುಟೇಪ್ ತೆಗೆದು ತೆಳುವಾಗಿ ಫೆವಿಕ್ವಿಕ್ ಹಾಕಿದಾಗ ಸ್ವರ ಸ್ಪಷ್ಟವಾಯಿತು. ತಂತಿಗಳನ್ನು ಬ್ಯಾಟರಿಯ ಋಣಕ್ಕೆ ಜೋಡಿಸಿದಾಗ ಗುಂಯ್‌ಗುಡುವುದು ಬಹಳ ಕಡಿಮೆಯಾಯಿತು. ಇವುಗಳಿಂದ ಆರಂಭಿಸುವ ಆಸೆ ಪಾಠ ಮಾಡುವವರಿಗೆ ಸಹಜ, ಕಣ್ಣಿಗೆ ಕಾಣುವ ಕೆಲಸ ಅದು. ಆದರೆ ತೂತು ದೊಡ್ಡದಿರುವಾಗ ಡಿಸ್ಕ್ ಎಲ್ಲಿ ಅಂಟಿಸಿದರೂ ದಪ್ಪ ತಂತಿ ಕೇಳುವುದಿಲ್ಲ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೊಟ್ಟೆ: ಡಿಸ್ಕ್ ಅನ್ನು ಇದಕ್ಕಿಂತಲೂ ಕಡಿಮೆ ರೋಧದ ಮೈಕ್ ಇನ್‌ಪುಟ್‌ಗೆ ಸಿಕ್ಕಿಸಿದರೆ ಧ್ವನಿ ಹೇಗಿರುತ್ತದೆ, ಬಾಟಲಿಯ ಚಿತ್ರ ಬರೆದು ವಿವರಿಸಿ. 38 ಮಕ್ಕಳಲ್ಲಿ 29 ಮಂದಿ ತೂತು ಇನ್ನೂ ದೊಡ್ಡದಾಗಿರುವ ಚಿತ್ರ ಬರೆದರು. ಐವರು ಬಾಟಲಿಯನ್ನೇ ಚಿಕ್ಕದು ಮಾಡಿದ್ದರು. ಸೋರುವ ಕಾಲದ ದೃಷ್ಟಿಯಿಂದ ಅದನ್ನು ಪೂರ್ತಿ ತಪ್ಪು ಎನ್ನಲಾಗದು, ಅರ್ಧ ಅಂಕ ಕೊಟ್ಟೆ.

ಬಫರ್ ಈಗ ಒಂದು ಸಾಬೂನು ಡಬ್ಬಿಯಲ್ಲಿ ಗಿಟಾರಿನ ಬೆನ್ನಿಗೆ ಅಂಟಿಕೊಂಡಿದೆ. ಹಾಡು ಪಟ್ಟಿಯಲ್ಲಿ ಉಳಿದಿದೆ. ಐಸಿ ಎಳೆಯುವುದು ಸುಮಾರು 1.4 ಮಿಲಿಆಂಪಿಯರ್ ಆದ್ದರಿಂದ ದಿನಕ್ಕೆ ಒಂದು ಗಂಟೆ ನುಡಿಸಿದರೆ ಬ್ಯಾಟರಿ ತಿಂಗಳುಗಟ್ಟಲೆ ಬರುತ್ತದೆ. ನುಡಿಸಿ ಮುಗಿದ ಮೇಲೆ ಕ್ಲಿಪ್ ತೆಗೆದಿಡಲು ಹುಡುಗನಿಗೆ ಹೇಳಿದ್ದೇನೆ.