ವಾಲ್ವಿನ ಲೆಕ್ಕ, ಕಬ್ಬಿನ ಬಿಲ್ಲು

ನನ್ನ ಹೃದಯದ ಮೈಟ್ರಲ್ ವಾಲ್ವ್ ಕೆಡಲು ಶುರುವಾದದ್ದು ಬಹುಶಃ ಕನ್ನಡ ಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ. ಗಂಟಲುನೋವು, ಜ್ವರ, ಆಮೇಲೆ ಮೊಣಕಾಲು ಬಾತು ನಡೆಯಲಾಗದೆ ಮಲಗಿದ್ದು ನೆನಪಿದೆ. ಅದು ರುಮ್ಯಾಟಿಕ್ ಜ್ವರ ಎಂದು ಗೊತ್ತಾಗುವ ಹೊತ್ತಿಗೆ ವಾಲ್ವ್ ದಪ್ಪಗಾಗಿತ್ತು. ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ, ದಿನಾ ಬೆಳಿಗ್ಗೆ ನೀರಿನ ಗುಳಿಗೆ, ವರ್ಷಕ್ಕೊಮ್ಮೆ ಎಕೋ. ಹೀಗೇ ನಲವತ್ತು ದಾಟಿದೆ. ಹೋದ ವರ್ಷದ ಎಕೋ ನೋಡಿದ ಡಾಕ್ಟರು, ಕಿರಿದಾದ ವಾಲ್ವ್ ಈಗ ಸೋರುತ್ತಲೂ ಇದೆ, ಬಲೂನ್ ಹಾಕಿ ಅಗಲಿಸುವ ಹಂತ ದಾಟಿದೆ, ಬದಲಿಸಲೇಬೇಕು ಎಂದರು. ‘ನಾಳೆನೇ ಅಂತಲ್ಲ, ಆದ್ರ ಭಾಳ ಮುಂದ ಹಾಕಬ್ಯಾಡ್ರಿ’ ಎಂದೂ ಸೇರಿಸಿದರು.

ನಾಳೆಯೇ ಅಂತಲ್ಲ ಎಂದರೆ ಬೆಳಗಾವಿ ಜಿಲ್ಲೆಯ ನಮ್ಮ ಮೂಡಲಗಿ ಕಡೆ ಅರ್ಥ ಒಂದೇ: ಕಬ್ಬಿನ ಬಿಲ್ ಬರಲಿ. ಮದುವೆ, ಮನೆಯ ಸ್ಲ್ಯಾಬು, ಮಕ್ಕಳ ಡೊನೇಶನ್ ಎಲ್ಲವೂ ಆ ಬಿಲ್ಲಿನ ಮೇಲೇ ನಿಂತಿರುತ್ತವೆ. ನಮ್ಮ ಕಾಕಾ ಕೂಡ ಹಾಗೇ ಅಂದರು: ‘ತಮ್ಮಾ, ಕಬ್ಬ ಕಡದ ಹೋಗ್ಲಿ, ಬಿಲ್ ಬಂದ ಮ್ಯಾಲ ಮಾಡಿಸಿದ್ರಾತು. ಈಗ ರೊಕ್ಕಾ ಯಾಂವ ಕೊಡ್ತಾನ?’ ಅದೇ ಹೊತ್ತಿಗೆ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಗಿಳಿದಿದ್ದರು. 2025ರ ನವೆಂಬರ್ 7ರಂದು 3,300ಕ್ಕೆ ತೀರ್ಮಾನವಾಯಿತು. ಕಬ್ಬು ಹೋದ 14 ದಿನಕ್ಕೆ ಹಣ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ 14 ದಿನವನ್ನು ನಂಬಿ ಆಸ್ಪತ್ರೆಯ ತಾರೀಖು ಹಾಕುವ ಧೈರ್ಯ ನಮ್ಮೂರಿನಲ್ಲಿ ಯಾರಿಗೂ ಇಲ್ಲ.

ನಾನು ಹಾಕಿದ ಮೊದಲ ಲೆಕ್ಕ ಕಾಯುವುದರ ಬೆಲೆಯದ್ದು. ಕಾದಷ್ಟೂ ಹೃದಯ ಹಿಗ್ಗುತ್ತದೆ, ಪುಪ್ಪುಸದಲ್ಲಿ ಒತ್ತಡ ಏರುತ್ತದೆ, ಬಡಿತ ತಪ್ಪಿ ಒಳಗೆ ರಕ್ತ ಗಡ್ಡೆ ಕಟ್ಟಿದರೆ ಪಾರ್ಶ್ವವಾಯು. ಇದು ವೈದ್ಯರ ಲೆಕ್ಕ. ರೊಕ್ಕದ ಲೆಕ್ಕ ಬೇರೆ. ತಾರೀಖು ಗೊತ್ತುಮಾಡಿಕೊಂಡು ಹೋದವನಿಗೆ ಸರ್ಕಾರಿ ಆರೋಗ್ಯ ಯೋಜನೆಯ ಮಂಜೂರಾತಿ ತರಿಸಿಕೊಳ್ಳಲು, ಆಸ್ಪತ್ರೆ ಆರಿಸಲು ವ್ಯವಧಾನ ಇರುತ್ತದೆ. ನಡುರಾತ್ರಿ ಉಸಿರುಗಟ್ಟಿ ಜೀಪಿನಲ್ಲಿ ಹೋದವನನ್ನು ಹತ್ತಿರದ ಆಸ್ಪತ್ರೆಗೆ ಸೇರಿಸುತ್ತಾರೆ, ಅದು ಯೋಜನೆಯ ಪಟ್ಟಿಯಲ್ಲಿ ಇದ್ದರೆ ಪುಣ್ಯ. ಇಲ್ಲವಾದರೆ ಡಿಪಾಸಿಟ್ಟಿಗೆ ಕೈಗಡ. ನಮ್ಮಲ್ಲಿ ಕೈಗಡ ಎಂದರೆ ತಿಂಗಳಿಗೆ ನೂರಕ್ಕೆ ಮೂರು, ಅಂದರೆ ಲಕ್ಷಕ್ಕೆ ವರ್ಷಕ್ಕೆ 36,000. ಸೊಸಾಯಿಟಿಯಲ್ಲಿ ಬಂಗಾರ ಇಟ್ಟು ಶೇ 12ಕ್ಕೆ ತಂದರೆ ಅದೇ ಲಕ್ಷಕ್ಕೆ 12,000. ಕಾಕಾಗೆ ಹೃದಯ ಹಿಗ್ಗುವ ಮಾತು ನಾಟಲಿಲ್ಲ, ಈ 24,000ದ ಅಂತರ ನಾಟಿತು.

ನಮ್ಮ ಸೀಮೆ ಸಹಕಾರಿ ಸಂಘಗಳ ಸೀಮೆ. ಹುಕ್ಕೇರಿಯಲ್ಲಿ ಕರೆಂಟನ್ನೇ ಸಹಕಾರಿ ಸಂಘ ಹಂಚುತ್ತದೆ, ಘಟಪ್ರಭಾದಲ್ಲಿ ಸಹಕಾರಿ ಆಸ್ಪತ್ರೆಯೇ ಇದೆ. ಹಾಗಾಗಿ ಸಂಘದ ಸದಸ್ಯರ ಆರೋಗ್ಯ ಯೋಜನೆಯಾದ ಯಶಸ್ವಿನಿ ನಮಗೆ ಹೊಸದಲ್ಲ. 2003ರಲ್ಲಿ ಸಂಘದ ಸದಸ್ಯರಿಂದ ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಪಡೆದು ನಡೆಯತೊಡಗಿದ ಯೋಜನೆ, 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಕರಗಿತು, 2023ರ ಜನವರಿಯಿಂದ ಮತ್ತೆ ಜಾರಿಗೆ ಬಂತು. ಹಳ್ಳಿಯಲ್ಲಿ ನಾಲ್ವರ ಕುಟುಂಬಕ್ಕೆ 500, ಹೆಚ್ಚಿನ ಪ್ರತಿ ತಲೆಗೆ 100, ಚಿಕಿತ್ಸೆಯ ಮಿತಿ ವರ್ಷಕ್ಕೆ 5 ಲಕ್ಷ. ನೋಂದಣಿ ವರ್ಷವಿಡೀ ತೆರೆದಿರುವುದಿಲ್ಲ. ನಮ್ಮ ಸಂಘದ ಕಾರ್ಯದರ್ಶಿ ಗದರಿಸಿ ಕಟ್ಟಿಸಿಕೊಂಡಿದ್ದು ಆಪರೇಶನ್ ಹೊತ್ತಿಗೆ ಕೆಲಸಕ್ಕೆ ಬಂತು. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲೂ 5 ಲಕ್ಷದವರೆಗೆ ಇದೆ, ಆದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ತರಬೇಕು. ನಮ್ಮಂಥ ಎಪಿಎಲ್‌ನವರಿಗೆ ಅದರಲ್ಲಿ ಸರ್ಕಾರ ಭರಿಸುವುದು ಪ್ಯಾಕೇಜಿನ ಶೇ 30 ಮಾತ್ರ.

ಯಾವ ಯೋಜನೆಯೇ ಇರಲಿ, ಆಸ್ಪತ್ರೆಯ ಯೋಜನಾ ಕೌಂಟರಿನಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಪ್ಯಾಕೇಜಿನಲ್ಲಿ ವಾಲ್ವಿನ ದರ ಸೇರಿದೆಯೇ, ಸೇರಿದ್ದರೆ ಯಾವ ವಾಲ್ವ್? ‘ಆಗ್ತದ ಬಿಡ್ರಿ’ ಎಂಬ ಉತ್ತರ ಉತ್ತರವಲ್ಲ. ನಾನು ಬರೆಸಿಕೊಂಡೆ.

ಬೆಂಗಳೂರಿನ ಜಯದೇವಕ್ಕೆ ಹೋಗು ಎಂದು ಹಲವರು ಹೇಳಿದ್ದರು. ಒಳ್ಳೆಯ ಸಂಸ್ಥೆ, ಅನುಮಾನವಿಲ್ಲ. ಆದರೆ ಐನೂರು ಕಿಲೋಮೀಟರಿಗೂ ದೂರ, ಜೊತೆಗಿರುವ ಇಬ್ಬರ ಲಾಡ್ಜು, ಊಟ, ಆಮೇಲಿನ ತಪಾಸಣೆಗಳಿಗೆ ಮತ್ತೆ ಮತ್ತೆ ರೈಲು. ಬೆಳಗಾವಿಯಾದರೆ ಗೋಕಾಕದಿಂದ ಬುತ್ತಿ ಬರುತ್ತದೆ, ಹುಕ್ಕೇರಿಯ ಅಕ್ಕನ ಮಕ್ಕಳು ರಕ್ತ ಕೊಟ್ಟು ಅದೇ ದಿನ ಊರಿಗೆ ಮರಳಬಹುದು. ಬೆಳಗಾವಿಯೇ ಆಯಿತು.

ಇನ್ನು ವಾಲ್ವ್. ಪ್ರಾಣಿಯ ಅಂಗಾಂಶದಿಂದ ಮಾಡಿದ್ದು ಹಾಕಿಸಿದರೆ ರಕ್ತ ತೆಳುಮಾಡುವ ಗುಳಿಗೆಯ ಕಾಟ ಜೀವನಪೂರ್ತಿ ಇರುವುದಿಲ್ಲ, ಆದರೆ ಹತ್ತು-ಹದಿನೈದು ವರ್ಷಕ್ಕೆ ಸವೆದು ಎರಡನೇ ಆಪರೇಶನ್ ಬರಬಹುದು. ನನ್ನ ವಯಸ್ಸಿಗೆ ಆ ಎರಡನೆಯದು ಬಹುತೇಕ ಖಚಿತ. ಲೋಹದ ಮೆಕ್ಯಾನಿಕಲ್ ವಾಲ್ವ್ ಬಾಳಿಕೆಯದು. ಅದರಲ್ಲೂ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ವಲಿಯತ್ತಾನ್ ಅವರ ತಂಡ ರೂಪಿಸಿ, 1990ರ ಡಿಸೆಂಬರ್‌ನಲ್ಲಿ ಮೊದಲ ರೋಗಿಗೆ ಹಾಕಿದ ಚಿತ್ರಾ ವಾಲ್ವ್ ವಿದೇಶದ್ದಕ್ಕಿಂತ ಅಗ್ಗ. ಮಗು ಬೇಕೆನ್ನುವ ಹೆಣ್ಣುಮಕ್ಕಳ ಲೆಕ್ಕ ಮಾತ್ರ ಪೂರಾ ಬೇರೆ. ಮೆಕ್ಯಾನಿಕಲ್ ವಾಲ್ವಿಗೆ ಜೀವನಪೂರ್ತಿ ನುಂಗಬೇಕಾದ ರಕ್ತ ತೆಳುಮಾಡುವ ಗುಳಿಗೆ ಗರ್ಭದ ಮಗುವಿಗೆ ಹಾನಿ ಮಾಡಬಲ್ಲದು, ಅಲ್ಲಿ ರೊಕ್ಕದ ಮಾತು ಆಮೇಲೆ.

ಮೆಕ್ಯಾನಿಕಲ್ ಆರಿಸಿದೆ. ಅಗ್ಗದ ವಾಲ್ವಿಗೂ ಬೆಲೆ ತೆರುತ್ತಲೇ ಇರಬೇಕು: ಗುಳಿಗೆ, ಪಿಟಿ-ಐಎನ್ಆರ್ ರಕ್ತಪರೀಕ್ಷೆ, ಹೋಗಿಬರುವ ಖರ್ಚು. ತಿಂಗಳಿಗೆ ಸುಮಾರು 1,000 ರೂಪಾಯಿ ಹಿಡಿಯಿರಿ. (ಶಕ್ತಿ ಯೋಜನೆಯಿಂದ ಹೆಂಡತಿಗೆ ಬಸ್ಸು ಪುಕ್ಕಟೆ, ಟಿಕೆಟ್ ನನ್ನೊಬ್ಬನದೇ.) ವರ್ಷಕ್ಕೆ 12,000. ಇಪ್ಪತ್ತು ವರ್ಷಕ್ಕೆ ಇಂದಿನ ದರದಲ್ಲೇ 2.4 ಲಕ್ಷ, ಹೆಚ್ಚುಕಡಿಮೆ ಇನ್ನೊಂದು ಆಪರೇಶನ್ನಿನಷ್ಟು, ಮತ್ತು ಇದಕ್ಕೆ ನನ್ನ ಯಾವ ಕಾರ್ಡೂ ನಡೆಯುವುದಿಲ್ಲ. ‘ಆಪರೇಶನ್ನಿಗೆ ರೊಕ್ಕ ಐತೇನ’ ಎಂದು ಎಲ್ಲರೂ ಕೇಳಿದರು, ಈ 12,000ವನ್ನು ಯಾರೂ ಕೇಳಲಿಲ್ಲ. ಪರೀಕ್ಷೆ ತಪ್ಪಿಸಿ ಉಳಿಸುವ ಹಣ ಗಡ್ಡೆಯಾಗಿ ಮೆದುಳಿಗೋ, ರಕ್ತಸ್ರಾವವಾಗಿ ಹೊಟ್ಟೆಗೋ ತಿರುಗುತ್ತದೆ. ಪುಂಡಿಪಲ್ಯ, ಮೆಂತ್ಯ, ಪಾಲಕ ಬಿಡಬೇಕಾಗಿಲ್ಲ, ಗುಳಿಗೆಯ ಪರಿಣಾಮ ಏರುಪೇರಾಗದಂತೆ ಒಂದೇ ಹದದಲ್ಲಿ ತಿನ್ನಬೇಕು.

ಆಪರೇಶನ್ನಿಗೆ ಸೀಳಿದ ಎದೆಯ ಮೂಳೆ ಕೂಡಿಕೊಳ್ಳಲು ಸುಮಾರು ಮೂರು ತಿಂಗಳು ಬೇಕು, ಅಷ್ಟೂ ದಿನ ಭಾರ ಎತ್ತುವಂತಿಲ್ಲ. ರಾತ್ರಿ ಕರೆಂಟಿನಲ್ಲಿ ನೀರು ಹಾಯಿಸಲು ಆಳು ಹಚ್ಚಿದೆವು. ಆ ಪಗಾರ, ಜೊತೆಗಿದ್ದವರ ಊಟ, ಮೊದಲಿನ ತಪಾಸಣೆಗಳು ಎಲ್ಲಕ್ಕೂ ಹೆಂಡತಿಯ ಬಂಗಾರದ ಪಾಟ್ಲಿ ಸೊಸಾಯಿಟಿಯಲ್ಲಿ ಇಟ್ಟು 80,000 ತಂದೆವು. ಬಡ್ಡಿ ತಿಂಗಳಿಗೆ 800.

ವಿಮೆಯ ವಿಷಯ ಒಂದೆರಡು ಮಾತು. ಇರುವ ಕಾಯಿಲೆಗೆ ಗರಿಷ್ಠ ಮೂರು ವರ್ಷ ಕಾಯಿಸಬಹುದು ಎಂದು 2024ರ ನಿಯಮ ಹೇಳುತ್ತದೆ, ಆದರೆ ನನ್ನಂಥವನಿಗೆ ಪಾಲಿಸಿ ಕೊಡಲೇಬೇಕು ಎಂದೇನಿಲ್ಲ. ಆದ್ದರಿಂದ ನನ್ನನ್ನು ಬಿಟ್ಟು ಹೆಂಡತಿ-ಮಕ್ಕಳಿಗೆ ಮಾತ್ರ ಪಾಲಿಸಿ ಮಾಡಿಸಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲೆ ಜಿಎಸ್‌ಟಿ ಇಲ್ಲ. ಪಟ್ಟಿ ಮಾಡಿದ ಕೆಲವು ಕಾಯಿಲೆಗಳ ಚಿಕಿತ್ಸೆಗೆ ಸಿಗುವ ಆದಾಯ ತೆರಿಗೆ ವಿನಾಯಿತಿಯನ್ನು (ಹಳೆಯ ಕಾಯ್ದೆಯಲ್ಲಿ 80ಡಿಡಿಬಿ) ಹೃದಯ ಶಸ್ತ್ರಚಿಕಿತ್ಸೆಗೆ ಲೆಕ್ಕ ಹಿಡಿಯಬೇಡಿ, ಆ ಪಟ್ಟಿಯಲ್ಲಿ ಅದಿಲ್ಲ.

ಕಬ್ಬಿನ ಬಿಲ್ ಬಂದಾಗ ನಾನು ಮನೆಯಲ್ಲಿ ಅಡ್ಡಾಡುತ್ತಿದ್ದೆ. ಮೊದಲು ಪಾಟ್ಲಿ ಬಿಡಿಸಿದೆವು. ಬಳಿಕ ರಕ್ತಪರೀಕ್ಷೆಗೆಂದು 12,000 ಬೇರೆ ಖಾತೆಗೆ, ಅವ್ವನೂ ಸೇರಿ ಮನೆಯ ಐವರ ಯಶಸ್ವಿನಿಗೆ 600. ಉಳಿದದ್ದು ಗೊಬ್ಬರದಂಗಡಿಗೆ.