ಅಂಕ ಹಾಕುವ ಡಾಕ್ಟರಿಗೆ ಒಂದು ಕಿವಿಮಾತು

ಚಿತ್ರದುರ್ಗದಲ್ಲಿ ಈಗ ಎರಡು ಮೆಡಿಕಲ್ ಕಾಲೇಜುಗಳಿವೆ. ಬಸವೇಶ್ವರ ಕಾಲೇಜು ಹಳೆಯದು, ಸರ್ಕಾರಿ ಕಾಲೇಜು 2023ರಲ್ಲಿ ಶುರುವಾಯಿತು. ವೈದ್ಯಕೀಯ ವಿದ್ಯಾರ್ಥಿಗಳಿಗೆ ಪ್ರಬಂಧ ಸ್ಪರ್ಧೆ ಇಟ್ಟರೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ವರ್ಷಗಟ್ಟಲೆ ರೋಗಿಗಳನ್ನು ನೋಡಿದ ನಿಮ್ಮಂಥವರನ್ನೇ ತೀರ್ಪುಗಾರರಾಗಿ ಕರೆಯಬೇಕು. ಕರೆದರೆ ನೀವೂ ಇಲ್ಲ ಅನ್ನುವವರಲ್ಲ. ಆದರೆ ಒಪ್ಪಿಕೊಂಡ ಮೇಲೆ ಏನು ಮಾಡುತ್ತೀರಿ ಡಾಕ್ಟ್ರೇ? ಬಂದ ಕಟ್ಟು ಹಾಗೇ ಮೇಜಿನ ಮೂಲೆಯಲ್ಲಿ ಬಿದ್ದಿರುತ್ತದೆ. ಫಲಿತಾಂಶ ಕೊಡಬೇಕಾದ ಹಿಂದಿನ ರಾತ್ರಿ ಊಟ ಮುಗಿಸಿ, ಒಂದೊಂದಕ್ಕೆ ಎರಡೆರಡು ನಿಮಿಷ ಕೊಟ್ಟು, ಅಂಕ ಹಾಕಿ ಕೈತೊಳೆದುಕೊಳ್ಳುತ್ತೀರಿ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳಿದರೇ? ದಿನಕ್ಕೆ ಐದಾರು ಪ್ರಬಂಧ ಓದಿ, ಸಾಕು. ಎಲ್ಲ ಮುಗಿದ ಮೇಲೆ ಮೊದಲು ಓದಿದ ನಾಲ್ಕನ್ನು ಇನ್ನೊಮ್ಮೆ ತೆಗೆಯಿರಿ. ಮೊದಮೊದಲು ಕೈ ಬಿಗಿಯಾಗಿರುತ್ತದೆ, ಆಮೇಲೆ ಸಡಿಲವಾಗುತ್ತದೆ.

ಹೆಸರು ಕಾಣದ ಹಾಗೆ ನಂಬರ್ ಹಾಕಿಸಿ ಕೊಡಲು ಕಾಲೇಜಿನವರಿಗೆ ಮೊದಲೇ ಹೇಳಿ. ನಿಮ್ಮ ಮನೆಯ ಹುಡುಗರೋ ನಿಮ್ಮ ಕೈಕೆಳಗೆ ಕಲಿತವರೋ ಸ್ಪರ್ಧೆಯಲ್ಲಿದ್ದರೆ ಹಿಂದೆ ಸರಿದುಬಿಡಿ. ಹೆತ್ತವರಿಗೆ ಹೆಗ್ಗಣ ಮುದ್ದು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಇಬ್ಬರು ತೀರ್ಪುಗಾರರಿದ್ದರೆ ಒಬ್ಬರ ಅಂಕ ಇನ್ನೊಬ್ಬರಿಗೆ ಕಾಣದಿರಲಿ. ಇಬ್ಬರ ಅಂಕ ತೀರಾ ದೂರವಾದರೆ ಕೂಡಿಸಿ ಎರಡರಿಂದ ಭಾಗಿಸಬೇಡಿ, ಕೂತು ಮಾತಾಡಿ.

ಇವೆಲ್ಲ ಸುಲಭದ ಮಾತು. ನನ್ನ ಕಳಕಳಿ ಇರುವುದು ಬೇರೆ ಕಡೆ. ವಿಷಯ ತಪ್ಪಿರುವ ಪ್ರಬಂಧ ಭಾಷೆ ಚೆಂದವಾಗಿದೆ ಅನ್ನುವ ಕಾರಣಕ್ಕೆ ಗೆದ್ದುಬಿಡುತ್ತದೆ. ಕುಡಿಯುವ ನೀರಿನ ವಿಷಯವನ್ನೇ ತೆಗೆದುಕೊಳ್ಳಿ, ಈ ಜಿಲ್ಲೆಯಲ್ಲಿ ಅದಕ್ಕಿಂತ ದೊಡ್ಡ ವಿಷಯ ಯಾವುದಿದೆ? ಒಂದು ಮಗು ಹೀಗೆ ಬರೆದಿದೆ ಅಂದುಕೊಳ್ಳಿ: ‘ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಆದ್ದರಿಂದ ಚೆನ್ನಾಗಿ ಕುದಿಸಿ, ಆರಿಸಿ ಕುಡಿಯಬೇಕು.’ ವಾಕ್ಯ ಎಷ್ಟು ಸರಾಗವಾಗಿದೆ ನೋಡಿ, ಕಣ್ಣು ಜಾರಿಕೊಂಡು ಹೋಗುತ್ತದೆ. ಆದರೆ ಕುದಿಸಿದರೆ ಸಾಯುವುದು ರೋಗಾಣು. ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಸಾಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಪರವಾಗಿಲ್ಲ ಎನ್ನುತ್ತದೆ ನಮ್ಮ ದೇಶದ ಮಾನದಂಡ. ಅದನ್ನು ಮೀರಿದ ನೀರು ಕುಡಿದವರ ಹಲ್ಲಿನ ಕಂದು ಕಲೆ, ಬಗ್ಗದ ಬೆನ್ನು, ಸೊಟ್ಟಗಾದ ಮಂಡಿ ನೀವು ದಿನಾ ನೋಡಿದ್ದೀರಿ. ಆ ವಾಕ್ಯವನ್ನು ನಂಬಿ ತಾಯಿಯೊಬ್ಬಳು ಗ್ಯಾಸ್ ಉರಿಸಿ ನೀರು ಕುದಿಸಿ ಮಗುವಿಗೆ ಕುಡಿಸಿದರೆ ಆ ಹೊಣೆ ಯಾರದು?

ಅದೇ ‘ಕುದಿಸಿ ಕುಡಿಯಿರಿ’ ಇನ್ನೊಂದು ಕಡೆ ಜೀವ ಉಳಿಸುವ ಮಾತು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಸಾವುಗಳೂ ಆದವು. ಯಾವ ನೀರಿಗೆ ಕುದಿಸುವುದು, ಯಾವ ನೀರಿಗೆ ಶುದ್ಧ ನೀರಿನ ಘಟಕ ಅಥವಾ ಮಳೆನೀರು ಅನ್ನುವುದನ್ನು ಪ್ರಬಂಧ ಬರೆದ ಮಗುವಿಗೆ ಹೇಳಬೇಕಾದವರು ನೀವೇ. ಸುಮ್ಮನೆ ಕೆಂಪು ಇಂಕಿನಲ್ಲಿ ಗೆರೆ ಎಳೆದು ಎರಡು ಅಂಕ ಕಳೆದರೆ ಮಗು ಏನು ಕಲಿತ ಹಾಗಾಯಿತು? ಪಕ್ಕದಲ್ಲಿ ಎರಡು ಸಾಲು ಬರೆಯಿರಿ, ಪೆನ್ಸಿಲಿನಲ್ಲಾದರೂ ಸರಿ. ಏನು ತಪ್ಪು, ಏಕೆ ತಪ್ಪು, ಎಲ್ಲಿ ಓದಬೇಕು ಅಂತ. ಹಾವು ಕಚ್ಚಿದ ಕಾಲಿಗೆ ಬಿಗಿಯಾಗಿ ಕಟ್ಟಬೇಕು ಎಂದು ಬರೆದವರಿಗೂ ಇದೇ ಉಪಚಾರ.

ಇನ್ನೊಂದು ಎಚ್ಚರ. ಈಗ ಎಂಬಿಬಿಎಸ್ ಮಕ್ಕಳಿಗೆ ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ವಹಿಸಿಕೊಡುತ್ತಾರೆ. ಆ ಮನೆಗಳ ಕಥೆ ಪ್ರಬಂಧಕ್ಕೆ ಬಂದೇ ಬರುತ್ತದೆ, ಬರಲಿ. ಆದರೆ ಹೆಸರು ಬದಲಿಸಿ, ಊರು ಹಾಗೇ ಬಿಟ್ಟು, ‘ಅಂಗನವಾಡಿ ಟೀಚರ್, ಗಂಡ ಲಾರಿ ಡ್ರೈವರ್’ ಎಂದು ಬರೆದರೆ ಮುಚ್ಚಿಟ್ಟಿದ್ದೇನು? ಇಡೀ ಹಳ್ಳಿಗೆ ಯಾರೆಂದು ಗೊತ್ತಾಗುತ್ತದೆ. ಎಚ್‌ಐವಿ ಸೋಂಕಿತರ ಗುಟ್ಟು ಹೊರಬಿಡಬಾರದೆಂದು 2017ರ ಕಾನೂನೇ ಹೇಳುತ್ತದೆ, ಬೇರೆ ಕಾಯಿಲೆಯವರ ಮಾನವೂ ಮಾನವೇ. ಇಂಥ ಪ್ರಬಂಧವನ್ನು ವೇದಿಕೆಯ ಮೇಲೆ ಓದಿಸಬೇಡಿ. ಬರೆದವರನ್ನು ಪಕ್ಕಕ್ಕೆ ಕರೆದು ತಿದ್ದಿಸಿ. ಎಲ್ಲರೆದುರು ಗದರಿಸಿದರೆ ಅವರು ಮತ್ತೆ ಪೆನ್ನು ಹಿಡಿಯುವುದಿಲ್ಲ.

ನಕಲಿನ ಅನುಮಾನ ಬಂದರೂ ಹಾಗೇ. ತಕ್ಷಣ ಕಳ್ಳ ಅನ್ನಬೇಡಿ, ಐದು ನಿಮಿಷ ಕೂರಿಸಿಕೊಂಡು ಆ ಪ್ರಬಂಧದ ಬಗ್ಗೆಯೇ ಕೇಳಿ. ತಾನೇ ಬರೆದವರು ತಡವರಿಸಿದರೂ ಹೇಳುತ್ತಾರೆ.

ಕಾಗುಣಿತಕ್ಕೆ ಅಂಕ ಕಡಿಯುವಲ್ಲಿ ನೀವು ಬಲು ಚುರುಕು, ಅದನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳಿ. ಹೊಳಲ್ಕೆರೆ ಕಡೆಯ ಹುಡುಗ ತನ್ನ ಅಜ್ಜಿ ಆಡುವ ಮಾತಿನಲ್ಲೇ ಮಂಡಿನೋವನ್ನು ವಿವರಿಸಿದ್ದರೆ ಅದೇ ಪ್ರಬಂಧದ ಜೀವ. ಹಿತ್ತಲ ಗಿಡ ಮದ್ದಲ್ಲ ಅಂತ ಅದನ್ನು ಬದಿಗಿಟ್ಟು ಜಾಗತಿಕ ಆರೋಗ್ಯದ ದೊಡ್ಡ ದೊಡ್ಡ ಮಾತಿಗೆ ಬಹುಮಾನ ಕೊಡಬೇಡಿ. ಕನ್ನಡದಲ್ಲಿ ವೈದ್ಯರು ಬರೆದದ್ದು ಇಂದು ನಿನ್ನೆಯ ಮಾತಲ್ಲ. ರಾಶಿ ಎಂದೇ ಹೆಸರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದು ಮನೋವೈದ್ಯಶಾಸ್ತ್ರಕ್ಕೆ ಸಂಬಂಧಿಸಿದ ಪುಸ್ತಕ. ಡಾ. ಅನುಪಮಾ ನಿರಂಜನರ ‘ತಾಯಿ ಮಗು’ ಎಷ್ಟೋ ಮನೆಗಳಲ್ಲಿ ಬಾಣಂತಿಯರ ಕೈಯಲ್ಲಿತ್ತು. ಡಾ. ಸಿ.ಆರ್. ಚಂದ್ರಶೇಖರ್ ನಿಮ್ಹಾನ್ಸ್‌ನಲ್ಲಿ ಇದ್ದುಕೊಂಡೇ ಮನಸ್ಸಿನ ಕಾಯಿಲೆಗಳ ಬಗ್ಗೆ ಹಳ್ಳಿಯವರಿಗೂ ತಿಳಿಯುವಂತೆ ಬರೆದರು. ಬಹುಮಾನಕ್ಕೆ ಹಿತ್ತಾಳೆಯ ಫಲಕ ಕೊಡುವ ಬದಲು ಇಂಥ ಪುಸ್ತಕ ಕೊಡಿಸಿ.

ಫಲಿತಾಂಶ ಹೇಳಿದ ದಿನವೇ ನಿಮ್ಮ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಗೆದ್ದವರು ಹೇಗೋ ಮುಂದೆ ಹೋಗುತ್ತಾರೆ. ಸೋತವರಲ್ಲಿ ಇಬ್ಬರನ್ನು ಆರಿಸಿಕೊಂಡು ಒಂದು ಭಾನುವಾರ ಮನೆಗೆ ಕರೆಯಿರಿ, ಕಾಫಿ ಕೊಡಿ, ಪ್ರಬಂಧವನ್ನು ಅವರ ಬಾಯಿಂದಲೇ ಓದಿಸಿ. ತಿದ್ದಿ ಬರೆದದ್ದನ್ನು ಆ ವಹಿಸಿಕೊಂಡ ಹಳ್ಳಿಯ ಮನೆಯವರಿಗೂ ಒಮ್ಮೆ ಓದಿ ಹೇಳಲು ಕಳಿಸಿ. ಎಲ್ಲಿ ಅರ್ಥವಾಗಲಿಲ್ಲ ಅನ್ನುತ್ತಾರೋ ಅಲ್ಲಿ ಮತ್ತೆ ತಿದ್ದಲಿ. ಮುಂದಿನ ವರ್ಷ ಕಟ್ಟು ಬಂದಾಗ ಆ ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಂಕ ನೀವೇ ಹಾಕಿ, ಪಕ್ಕದ ಎರಡು ಸಾಲು ಅವರು ಬರೆಯಲಿ.