ಮೊದಲ ಕೋಶದಲ್ಲೇ ಹಿಡಿಯೋಣ: ಕ್ಯಾನ್ಸರ್ ಕುರಿತ ಪುಸ್ತಕಗಳಿಂದ ಮನೆಮಂದಿಗೊಂದು ಪಾಠ

ಉಯ್ಯಂಬಳ್ಳಿ ಕಡೆಯಿಂದ ಕನಕಪುರಕ್ಕೆ, ಅಲ್ಲಿಂದ ಬೆಂಗಳೂರಿಗೆ ಬಸ್ಸು ಹತ್ತುವ ಕೆಲವು ಕುಟುಂಬಗಳ ಪ್ರಯಾಣ ಕಿದ್ವಾಯಿ ಆಸ್ಪತ್ರೆಯ ಬಾಗಿಲಲ್ಲಿ ಮುಗಿಯುತ್ತದೆ. ಸ್ವಾತಂತ್ರ್ಯ ಹೋರಾಟಗಾರರೂ ಕೇಂದ್ರ ಸಚಿವರೂ ಆಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರು ಹೊತ್ತ ಈ ಸರ್ಕಾರಿ ಕ್ಯಾನ್ಸರ್ ಸಂಸ್ಥೆ ಶುರುವಾದದ್ದು 1973ರಲ್ಲಿ. ದುಃಖದ ಮಾತೆಂದರೆ, ನಮ್ಮ ದೇಶದಲ್ಲಿ ಹೆಚ್ಚಿನ ರೋಗಿಗಳು ಕಾಯಿಲೆ ಬಲಿತ ಮೇಲೆಯೇ ಇಂಥ ಆಸ್ಪತ್ರೆಗಳಿಗೆ ಬರುತ್ತಾರೆ. ಒಂದು ದಿನದ ಕೂಲಿ ಹೋಗುತ್ತದೆಂಬ ಚಿಂತೆ, ಏನು ಹೇಳುತ್ತಾರೋ ಎಂಬ ಭಯ, ಹೆಣ್ಣುಮಕ್ಕಳಿಗಾದರೆ ನಾಚಿಕೆ.

ಇತ್ತೀಚಿನ ವರ್ಷಗಳಲ್ಲಿ ಕ್ಯಾನ್ಸರ್ ಕುರಿತು ದೊಡ್ಡ ವಿದ್ವಾಂಸರು ಬರೆದ ಪುಸ್ತಕಗಳಿವೆ. ಅವೆಲ್ಲ ಇಂಗ್ಲಿಷಿನಲ್ಲಿವೆ, ಕೆಲವು ವೈದ್ಯ ವಿದ್ಯಾರ್ಥಿಗಳಿಗೇ ಕಷ್ಟ. ಆದರೆ ಅವುಗಳಲ್ಲಿರುವ ಒಂದು ಪಾಠ ನಮ್ಮ ಮನೆಗಳಿಗೆ ತುಂಬ ಬೇಕಾದದ್ದು.

ಕಾಯಿಲೆ ಹುಟ್ಟುವುದು ಹೇಗೆ?

ನಮ್ಮ ಶರೀರದಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿವೆ. ಹಳೆಯವು ಸಾಯುತ್ತವೆ, ಹೊಸವು ಹುಟ್ಟುತ್ತವೆ. ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು ಎಂಬ ಆಜ್ಞೆ ಕೋಶದೊಳಗಿನ ವಂಶವಾಹಿಗಳಲ್ಲಿದೆ. ತಂಬಾಕು, ಅಡಿಕೆ, ಕೆಲವು ವೈರಸ್‌ಗಳು, ವಿಕಿರಣ, ಏರುವ ವಯಸ್ಸು, ಇವುಗಳಿಂದ ಆ ಆಜ್ಞೆಗಳಲ್ಲಿ ತಪ್ಪುಗಳು ಸೇರುತ್ತವೆ. ಕೆಲವರಿಗೆ ಅಂಥ ತಪ್ಪು ಹುಟ್ಟಿನಿಂದಲೇ ಬಂದಿರುತ್ತದೆ. ಒಂದು ತಪ್ಪಿನಿಂದ ಸಾಮಾನ್ಯವಾಗಿ ಕ್ಯಾನ್ಸರ್ ಆಗುವುದಿಲ್ಲ. ಒಂದೇ ಕೋಶದಲ್ಲಿ ಹಲವು ತಪ್ಪುಗಳು ಕೂಡಿದಾಗ ಅದು ನಿಲ್ಲದೆ ಬೆಳೆಯತೊಡಗುತ್ತದೆ.

ಅಮೆರಿಕದ ವಿಜ್ಞಾನಿ ರಾಬರ್ಟ್ ವೈನ್‌ಬರ್ಗ್ ಅವರ ‘ದಿ ಬಯಾಲಜಿ ಆಫ್ ಕ್ಯಾನ್ಸರ್’ ಎಂಬ ಪಠ್ಯಪುಸ್ತಕ ಇದನ್ನೇ ವಿವರಿಸುತ್ತದೆ. ಅವರೂ ಡಗ್ಲಸ್ ಹನಹಾನ್ ಎಂಬ ವಿಜ್ಞಾನಿಯೂ 2000ದಲ್ಲಿ ಬರೆದ ಲೇಖನವೊಂದು, ಕ್ಯಾನ್ಸರ್ ಕೋಶ ಕಲಿತುಕೊಳ್ಳುವ ಆರು ದುರ್ಗುಣಗಳನ್ನು ಪಟ್ಟಿ ಮಾಡಿತು. ಯಾರೂ ಹೇಳದೆ ಬೆಳೆಯುವುದು, ನಿಲ್ಲು ಎಂದರೂ ನಿಲ್ಲದಿರುವುದು, ಸಾಯಬೇಕಾದಾಗ ಸಾಯದಿರುವುದು, ಮಿತಿಯಿಲ್ಲದೆ ಇಮ್ಮಡಿಯಾಗುವುದು, ತನಗೆ ಬೇಕಾದ ರಕ್ತನಾಳಗಳನ್ನು ಎಳೆದುಕೊಳ್ಳುವುದು, ಬೇರೆ ಅಂಗಗಳಿಗೆ ಹರಡುವುದು.

ಇಲ್ಲೊಂದು ಲೆಕ್ಕ ನೋಡಿ. ಒಂದು ಸೆಂಟಿಮೀಟರ್ ಗಾತ್ರದ ಗಂಟಿನಲ್ಲಿ ಸುಮಾರು 100 ಕೋಟಿ ಕೋಶಗಳಿರುತ್ತವೆ. ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ, ಸುಮಾರು 30 ಸಲ ಇಮ್ಮಡಿಯಾದರೆ ಅಷ್ಟಾಗುತ್ತದೆ. ಎಷ್ಟೋ ಕ್ಯಾನ್ಸರ್‌ಗಳಲ್ಲಿ ಇದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ. ಈ ವರ್ಷಗಳೇ ನಮಗೆ ಸಿಕ್ಕಿರುವ ಅವಕಾಶ.

ಒಬ್ಬ ವೈದ್ಯೆಯ ಮಾತು

ಕರಾಚಿಯಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ರಕ್ತ ಕ್ಯಾನ್ಸರ್ ತಜ್ಞೆಯಾಗಿರುವ ಡಾ. ಆಝ್ರಾ ರಝಾ 2019ರಲ್ಲಿ ‘ದಿ ಫಸ್ಟ್ ಸೆಲ್’ ಎಂಬ ಪುಸ್ತಕ ಬರೆದರು. ಅವರ ಪತಿ ಹಾರ್ವೆ ಪ್ರೈಸ್ಲರ್ ಕೂಡ ಕ್ಯಾನ್ಸರ್ ವೈದ್ಯರೇ. ಅವರೇ ಕ್ಯಾನ್ಸರಿಗೆ ತುತ್ತಾಗಿ 2002ರಲ್ಲಿ ತೀರಿಕೊಂಡರು. ಇಷ್ಟೊಂದು ಬಲ್ಲ ಇಬ್ಬರಿಂದಲೂ ಬಲಿತ ಕಾಯಿಲೆಯನ್ನು ತಡೆಯಲಾಗಲಿಲ್ಲ. ಆಝ್ರಾ ಅವರ ವಾದ ಇದು: ಕೊನೆಯ ಕ್ಯಾನ್ಸರ್ ಕೋಶವನ್ನು ಕೊಲ್ಲಲು ಸುರಿಯುವ ಹಣ ಮತ್ತು ಶ್ರಮವನ್ನು ಮೊದಲ ಕೋಶವನ್ನು ಹುಡುಕಲು ಹಾಕಬೇಕು.

ಪ್ರಯೋಗಾಲಯದಲ್ಲಿ ಆ ಹುಡುಕಾಟ ಇನ್ನೂ ನಡೆಯುತ್ತಿದೆ. ಆದರೆ ಬಾಯಿಯ ವಿಷಯದಲ್ಲಿ ನಮಗೆ ಯಂತ್ರವೇ ಬೇಡ, ಒಳ್ಳೆಯ ಬೆಳಕು ಸಾಕು. ಪಕ್ಕದ ಕೇರಳದ ತಿರುವನಂತಪುರದಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ನೋಡಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತು. ಬರೀ ನೋಡಿದ್ದರಿಂದ, ಸಕಾಲಕ್ಕೆ ಕಳಿಸಿದ್ದರಿಂದ ಇದು ಸಾಧ್ಯವಾಯಿತು.

ವುಝೂ ಮಾಡುವಾಗ ಒಂದು ನೋಟ

ನಾವು ವುಝೂ ಮಾಡುವಾಗಲೆಲ್ಲ ಬಾಯಿ ಮುಕ್ಕಳಿಸುತ್ತೇವೆ. ಮಿಸ್ವಾಕ್ ಬಳಸುತ್ತೇವೆ. ಬಾಯಿಯ ಶುಚಿತ್ವಕ್ಕೆ ಇಷ್ಟು ಗಮನ ಕೊಡುವ ನಾವು ತಿಂಗಳಿಗೊಮ್ಮೆಯಾದರೂ ಕನ್ನಡಿ ಹಿಡಿದು ಒಳಗೆ ನೋಡಬಾರದೇಕೆ? ಕೆನ್ನೆಯ ಒಳಭಾಗ, ನಾಲಿಗೆಯ ಅಡಿ ಮತ್ತು ಅಂಚು, ವಸಡು. ಬಿಳಿ ಅಥವಾ ಕೆಂಪು ಕಲೆ, ಮೂರು ವಾರವಾದರೂ ಮಾಯದ ಹುಣ್ಣು, ಖಾರ ತಾಕಿದರೆ ಉರಿ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಇವು ಕಂಡರೆ ವೈದ್ಯರಿಗೆ ತೋರಿಸಲೇಬೇಕು.

‘ನಾನು ತಂಬಾಕು ಹಾಕಲ್ಲ, ಬರೀ ಎಲೆ ಅಡಿಕೆ’ ಎನ್ನುವ ದಾದಿ, ನಾನಿಯರು ನಮ್ಮಲ್ಲಿ ಬಹಳ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 20 ವರ್ಷಗಳ ಹಿಂದೆಯೇ ತೀರ್ಮಾನಿಸಿದೆ. ಮದುವೆ ಮನೆಯ ಪಾನ್ ತಟ್ಟೆಯಲ್ಲಿ ಅಡಿಕೆಯ ಬದಲು ಸೋಂಪು, ಏಲಕ್ಕಿ ಇಡಬಹುದು.

ಹಯಾ ಮತ್ತು ಆರೋಗ್ಯ

ಅಮ್ಮಿಗೆ ಎದೆಯಲ್ಲಿ ಗಂಟಿರುವುದು ಮಗಳಿಗೂ ಗೊತ್ತಿರುವುದಿಲ್ಲ. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೂ ಹೇಳುವುದಿಲ್ಲ. ಹಯಾ ನಮ್ಮ ಹೆಣ್ಣುಮಕ್ಕಳ ಗೌರವ ಎಂಬುದು ನಿಜ. ಆದರೆ ಪ್ರತಿ ಕಾಯಿಲೆಗೂ ಮದ್ದಿದೆ, ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಮಹಿಳಾ ವೈದ್ಯರನ್ನೇ ಕೇಳಿ ಪಡೆಯಿರಿ. ಮಗಳೋ ಸೊಸೆಯೋ ಜೊತೆಗೆ ಹೋಗಲಿ. ಗಂಡಸರೇ, ಬಸ್ಸಿನ ಖರ್ಚಿಗೆ ಅವರು ನಿಮ್ಮ ಮುಂದೆ ಕೈ ಚಾಚಿ ನಿಲ್ಲುವಂತೆ ಮಾಡಬೇಡಿ.

ಮನೆಯಲ್ಲಿ ಕೂತು ಮಾತಾಡಿ

1. 30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲಿದೆ. ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ.

2. ಗರ್ಭಕೊರಳಿನ ಕ್ಯಾನ್ಸರಿಗೆ ಬಹುಪಾಲು ಕಾರಣ ಎಚ್‌ಪಿವಿ ಎಂಬ ವೈರಸ್. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಲಸಿಕೆ ಇದೆ. ವೈದ್ಯರೊಂದಿಗೆ ಮಾತಾಡಿ.

3. ಪರೀಕ್ಷೆಗೆ ಸೂಜಿ ಚುಚ್ಚಿದರೆ, ಚೂರು ಕತ್ತರಿಸಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಹೆದರಿಕೆಯಿಂದ ಪರೀಕ್ಷೆ ತಪ್ಪಿಸಬೇಡಿ. ಆ ಪರೀಕ್ಷೆಯಿಲ್ಲದೆ ಸರಿಯಾದ ಚಿಕಿತ್ಸೆ ಶುರುವಾಗದು.

4. ಕ್ಯಾನ್ಸರ್ ಅಂಟುವ ಕಾಯಿಲೆಯಲ್ಲ. ರೋಗಿಯ ತಟ್ಟೆ, ಲೋಟ ಬೇರೆ ಇಡಬೇಡಿ. ಒಂದೇ ದಸ್ತರ್‌ಖಾನಿನಲ್ಲಿ ಜೊತೆಗೆ ಕೂರಿಸಿಕೊಳ್ಳಿ.

5. ಆಸ್ಪತ್ರೆಗೆ ಹೋಗುವಾಗ ಆಧಾರ್, ಪಡಿತರ ಚೀಟಿ ಮತ್ತು ಹಳೆಯ ಚೀಟಿಗಳೆಲ್ಲ ಜೊತೆಗಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವನ್ನು ಅಲ್ಲೇ ವಿಚಾರಿಸಿ.

ಕನಕಪುರದ ಬಸ್ಸು ಹತ್ತಲೇಬೇಕಾದರೆ ಗಂಟು ಅವರೆಕಾಳಿನಷ್ಟಿರುವಾಗಲೇ ಹತ್ತೋಣ. ಈ ಪುಟವನ್ನು ಓದಲು ಬಾರದ ಹಿರಿಯರಿಗೆ ಇಂದೇ ಓದಿ ಹೇಳಿ.